ಊಟದ ಮೇಜಿನಲ್ಲಿ ಹಾಕಿದ ಓಟು

ಕತಾರಿನ ದೋಹಾ ನಗರದಂಚಿನ ಮುಐದರಿನ ಆ ಅರ್ಧ ವಿಲ್ಲಾದಲ್ಲಿ ಇದ್ದವರು ಐದು ಜನ; ಓಟು ಇದ್ದದ್ದು ಒಂದೇ.

ಥಿಯೋಡೋರ್ ಕೊನೆಯ ಸಲ ಓಟು ಹಾಕಿದ್ದು ಮಂಗಳೂರಿನ ಕುಲಶೇಖರದಲ್ಲಿ, ಮದುವೆಗೆ ಮೊದಲು. ಊರು ಬಿಟ್ಟು ಹತ್ತೊಂಬತ್ತು ವರ್ಷವಾದ ಮೇಲೆ ಪಟ್ಟಿಯಲ್ಲಿ ಅವನ ಹೆಸರು ಉಳಿದಿತ್ತೋ ಇಲ್ಲವೋ; ಉಳಿದಿದ್ದರೂ ಒಂದು ಠಸ್ಸೆ ಒತ್ತಲು ವಿಮಾನ ಹತ್ತುವವರು ಯಾರು? ಹೆಂಡತಿ ಪ್ಯಾಟ್ರಿಷಿಯಾಳದೂ ಅದೇ ಕಥೆ. ಮಗಳು ಅನಿಶಾ ದೋಹಾದಲ್ಲೇ ಹುಟ್ಟಿ ಬೆಳೆದವಳು, ಆಗಷ್ಟೇ ಹದಿನೆಂಟು ತುಂಬಿತ್ತು. ತಾಯಿ ರೋಸ್‌ಮೇರಿಬಾಯಿ ಊರಿನಲ್ಲಿ ಒಂದೂ ಚುನಾವಣೆ ತಪ್ಪಿಸಿದವರಲ್ಲ. ಆದರೆ ಮೊಣಕಾಲು ನೋವು ಜೋರಾಗಿ, ಆರು ತಿಂಗಳ ಮಟ್ಟಿಗೆ ಎಂದು ಜುಲೈಯಲ್ಲಿ ಮಗನ ಮನೆಗೆ ಬಂದಿದ್ದರು.

ಉಳಿದವಳು ಲೊರ್ನಾ, ಥಿಯೋಡೋರನ ಅಕ್ಕ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಹದಿನೆಂಟು ವರ್ಷ ನರ್ಸಾಗಿ ದುಡಿದು ಅಲ್ಲಿನ ಪೌರತ್ವ ಪಡೆದವಳು. ಗಂಡ ತೀರಿಕೊಂಡಿದ್ದ. ಮಗ ಫ್ಲಾಯ್ಡ್ ಇಪ್ಪತ್ತೆರಡರವನು, ಅಲ್ಲೇ ಕಾಲೇಜಿನಲ್ಲಿದ್ದವನು ಒಂದು ವರ್ಷ ಬ್ರೇಕ್ ತಗೊಂಡಿದ್ದೇನೆ ಎಂದಿದ್ದ. ತಾಯಿಗೆ ಸ್ವಲ್ಪ ಹತ್ತಿರವಾದರೂ ಇರೋಣವೆಂದು ಆ ವರ್ಷದ ಆರಂಭದಲ್ಲೇ ದೋಹಾದ ಒಂದು ಆಸ್ಪತ್ರೆಯ ಕರಾರಿಗೆ ಸಹಿ ಹಾಕಿ ಬಂದಿದ್ದಳು.

ಅವಳ ಅಂಚೆ ಮತಪತ್ರ 2006ರ ಅಕ್ಟೋಬರ್ ಮಧ್ಯದಲ್ಲಿ ಥಿಯೋಡೋರನ ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂತು. ರಂಜಾನ್ ತಿಂಗಳು, ಕಚೇರಿ ಬೇಗ ಬಿಡುತ್ತಿತ್ತು. ಮೂರು ಗಂಟೆಗೆ ಅವನು ಲಕೋಟೆ ತಂದು ಮೇಜಿನ ಮೇಲಿಟ್ಟಾಗ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರಿನ ಊಟ ಮುಗಿಯುತ್ತಲಿತ್ತು. ಲೊರ್ನಾ ಅದನ್ನು ಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು ತುಂಬಿಸಬೇಕಿತ್ತು. ಆದರೆ ಕರೆಂಟು ಬಿಲ್ಲಿನಿಂದ ಮದುವೆ ಕಾಗದದವರೆಗೆ ಎಲ್ಲವನ್ನೂ ಊಟದ ಮೇಜಿನಲ್ಲೇ ಒಡೆದು ಎಲ್ಲರೂ ಓದುವ ಮನೆ ಅದು. ಅವಳು ಕೈ ತೊಳೆದು ಬರುವಷ್ಟರಲ್ಲಿ ಪ್ಯಾಟ್ರಿಷಿಯಾ ಮೇಜು ಒರೆಸಿದ್ದಳು, ಥಿಯೋಡೋರ್ ಕಪ್ಪು ಶಾಯಿಯ ಪೆನ್ನು ಹುಡುಕಿ ತಂದಿದ್ದ.

"ಇಷ್ಟುದ್ದವಾ!" ಎಂದ ಅವನು. "ನಮ್ಮಲ್ಲಿ ಒಂದು ಚಿಹ್ನೆ, ಒಂದು ಠಸ್ಸೆ, ಖಲಾಸ್."

"ಜನ ಆರಿಸ್ಲಿಕ್ಕೆ ಮಾತ್ರ ಅಲ್ಲ ಇದು. ಕೆಲವು ಕಾನೂನನ್ನೂ ಜನರ ಹತ್ರವೇ ಕೇಳ್ತಾರೆ. ಬೇಕಾ, ಬೇಡವಾ ಅಂತ."

"ಓದು ನೋಡುವಾ," ಎಂದು ಮಾಯ್ ಕನ್ನಡಕ ಹಾಕಿಕೊಂಡರು. ರೋಸ್‌ಮೇರಿಬಾಯಿ ಮಕ್ಕಳಿಗೂ ಸೊಸೆಗೂ ಮಾಯ್, ಮೊಮ್ಮಕ್ಕಳಿಗೆ ವಡ್ಲಿಮಾಯ್; ಥಿಯೋಡೋರನಿಗೆ ಅಕ್ಕ ಲೊರ್ನಾ ಬಾಯ್.

ಲೊರ್ನಾ ಒಂದೊಂದಾಗಿ ಓದಿ ಹೇಳಿದಳು. ಕೂಲಿಯವರ ಕನಿಷ್ಠ ಸಂಬಳ ಹೆಚ್ಚಿಸಬೇಕೇ ಎಂಬ ಪ್ರಶ್ನೆಗೆ ಮಾಯ್, "ಹೆಚ್ಚಿಸ್ಲಿ, ಪಾಪ," ಎಂದರು.

"ಇದನ್ನು ಇಲ್ಲಿಯೂ ಒಮ್ಮೆ ಕೇಳಿದ್ರೆ ಒಳ್ಳೇದಿತ್ತು," ಎಂದಳು ಪ್ಯಾಟ್ರಿಷಿಯಾ.

"ಮೆಲ್ಲ ಮಾತಾಡು!" ಥಿಯೋಡೋರ್ ಕಿಟಕಿಯ ಕಡೆ ನೋಡಿದ. ಕಂಪನಿಯಲ್ಲಿ ಅವನದು ಮನ್‌ದೂಬನ ಕೈಕೆಳಗಿನ ಕೆಲಸ. ಸರಕಾರಿ ಕಚೇರಿಗಳಿಗೆ ಓಡಾಡುವ ಆ ಕತಾರಿ ಮನುಷ್ಯನಿಗೆ ವೀಸಾ, ಪಾಸ್‌ಪೋರ್ಟುಗಳನ್ನು ಸರಿಮಾಡಿ ಕೊಡುವುದು. ಕಾಗದದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಜನರ ಗತಿ ಏನಾಗುತ್ತದೆಂದು ದಿನಾ ನೋಡುವವನು.

ನಲವತ್ತನಾಲ್ಕನೆಯ ತಿದ್ದುಪಡಿಗೆ ಬಂದಾಗ ಲೊರ್ನಾಳ ದನಿ ಸ್ವಲ್ಪ ಇಳಿಯಿತು. "ಇಪ್ಪತ್ತೊಂದು ತುಂಬಿದವರು ಒಂದು ಔನ್ಸಿನವರೆಗೆ ಗಾಂಜಾ ಇಟ್ಟುಕೊಂಡ್ರೆ ಅಪರಾಧ ಅಲ್ಲ ಅಂತ ಮಾಡ್ಬೇಕಾ ಅಂತ."

ಥಿಯೋಡೋರ್ ಎದ್ದು ಹೋಗಿ ಕಿಟಕಿ ಮುಚ್ಚಿದ. ಮಾಯ್ ಶಿಲುಬೆಯ ಗುರುತು ಮಾಡಿದರು.

"ಅದನ್ನೂ ಜನರ ಹತ್ರ ಕೇಳ್ತಾರಾ?"

"ಈಗಲೂ ಅಲ್ಲಿ ಜೈಲು ಇಲ್ಲ ಮಾಯ್. ಅಷ್ಟಕ್ಕೆ ನೂರು ಡಾಲರಿನವರೆಗೆ ದಂಡ, ಅಷ್ಟೇ."

"ಹಾಗಾದ್ರೆ ದಂಡ ಇರ್ಲಿ," ಎಂದ ಥಿಯೋಡೋರ್. "ಲೊರ್ನಾ ಬಾಯ್, ನಮ್ಮ ಕಂಪನಿಯ ಒಬ್ಬ ಮೇಸ್ತ್ರಿ ಗೆಳೆಯನ ಪೊಟ್ಟಣ ಅಂತ ಏನನ್ನೋ ತಂದ. ಅವನ ಪಾಸ್‌ಪೋರ್ಟು ಇನ್ನೂ ನನ್ನ ಡ್ರಾಯರಲ್ಲಿ ಉಂಟು. ಅವ ಎಲ್ಲಿದ್ದಾನೆ ಅಂತ ನಾನು ಹೇಳುದು ಬೇಡ."

ಹಿಂದಿನ ವಾರ ಫ್ಲಾಯ್ಡ್ ಫೋನಿನಲ್ಲಿ, "ಮಮ್ಮಿ, ಫಾರ್ಟಿಫೋರ್‌ಗೆ ಯೆಸ್ ಹಾಕ್ತೀಯಲ್ಲ?" ಎಂದು ಕೇಳಿದ್ದ. ಆಗ ಅವಳು ವಾರ್ಡಿನಲ್ಲಿದ್ದಳು. ರೋಗಿಯೊಬ್ಬರ ಗಂಟೆ ಹೊಡೆದುಕೊಳ್ಳುತ್ತಿತ್ತು. "ಆಯ್ತು ಪುತಾ, ಆಯ್ತು," ಎಂದು ಫೋನಿಟ್ಟಿದ್ದಳು. ಅದನ್ನು ಈಗ ಇಲ್ಲಿ ಹೇಳಲು ಬಾಯಿ ಬರಲಿಲ್ಲ.

"ಫ್ಲಾಯ್ಡ್ ಅಲ್ಲಿ ಒಬ್ಬನೇ ಇರುದು," ಎಂದರು ಮಾಯ್. "ಬೇಡ ಅಂತ ಹಾಕು ಲೊರ್ನಾ. ಅವನ ಒಳ್ಳೇದಕ್ಕೆ."

"ಆಂಟಿ, ಇಟ್ಸ್ ಯುವರ್ ವೋಟ್," ಎಂದಳು ಅನಿಶಾ.

"ನೀನು ಪ್ಲೇಟು ತೆಗಿ," ಎಂದಳು ಅವಳ ತಾಯಿ.

ಲೊರ್ನಾ 'ಬೇಡ' ಎಂಬುದರ ಪಕ್ಕದ ಗೋಲವನ್ನು ಅಂಚು ದಾಟದಂತೆ ಕಪ್ಪು ಮಾಡಿದಳು. ಲಕೋಟೆಗೆ ಅಂಟು ಹಚ್ಚಿದವನು ಥಿಯೋಡೋರ್. ಮರುದಿನ ಅಂಚೆಗೆ ಹಾಕಿದವನೂ ಅವನೇ.

*

ನವೆಂಬರ್ ಎಂಟರಂದು ಫಲಿತಾಂಶ ತಿಳಿಯಿತು. ತಿದ್ದುಪಡಿ ಬಿದ್ದಿತ್ತು. ನೂರರಲ್ಲಿ ಹೆಚ್ಚುಕಡಿಮೆ ಐವತ್ತೊಂಬತ್ತು ಮಂದಿ ಬೇಡ ಎಂದಿದ್ದರು.

"ಹಾಗಾದ್ರೆ ನಾವು ಗೆದ್ದೆವಾ?" ಎಂದು ಕೇಳಿದರು ಮಾಯ್. ಪ್ಯಾಟ್ರಿಷಿಯಾ ಸಂಜೆಗೆ ಶಿರಾ ಮಾಡಿದಳು. ಲೊರ್ನಾ ಎರಡು ಚಮಚ ತಿಂದು ಫ್ಲಾಯ್ಡಿಗೆ ಫೋನು ಮಾಡಿದಳು.

"ಸೋತೆವು ಮಮ್ಮಿ," ಎಂದ ಅವನು. ಗಂಟಲು ಕಟ್ಟಿತ್ತು. ಎರಡು ತಿಂಗಳು ರಸ್ತೆ ಬದಿಯಲ್ಲಿ ಬೋರ್ಡು ಹಿಡಿದು ಕೂಗಿದ್ದ. "ಎನಿವೇ, ನೀನು ಹಾಕಿದಿಯಲ್ಲ. ಥ್ಯಾಂಕ್ಸ್."

"ಊಟ ಮಾಡಿದಿಯಾ?" ಎಂದಳು ಲೊರ್ನಾ.

ವಾರದ ರಜೆಯಾದ ಆ ಶುಕ್ರವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಅನಿಶಾ ಕಂಪ್ಯೂಟರಿನ ಮುಂದಿನಿಂದಲೇ ಕರೆದಳು. ಕೊಲೊರಾಡೊದ ಒಂದು ಸಣ್ಣ ಊರಿನ ಪತ್ರಿಕೆ ಮತದಾರರ ಅಭಿಪ್ರಾಯ ಕೇಳಿ ಹಾಕಿತ್ತು. ಒಬ್ಬ ರೈತ ಸದ್ಯ ಬದುಕಿದೆವು ಎಂದಿದ್ದ. ಒಬ್ಬಳು ಶಿಕ್ಷಕಿ ಮಕ್ಕಳ ಮುಖ ನೋಡಿ ಬೇಡ ಎಂದೆ ಎಂದಿದ್ದಳು. ಮೂರನೆಯ ಚಿತ್ರ ಫ್ಲಾಯ್ಡಿನದು. ಟೊಪ್ಪಿ ಹಾಕಿಕೊಂಡು ಬೋರ್ಡನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡಿದ್ದ.

"ಎಷ್ಟು ಸಪೂರ ಆಗಿದ್ದಾನೆ," ಎಂದರು ಮಾಯ್. "ಎಂತ ಹೇಳಿದ್ದಾನೆ?"

ಅನಿಶಾ ನಿಧಾನವಾಗಿ ಹೇಳಿದಳು. "ನನ್ನ ಮಮ್ಮಿ ನರ್ಸು. ಚರ್ಚಿಗೆ ಹೋಗುವವಳು. ಅವಳು ಕತಾರಿನಿಂದ ಯೆಸ್ ಅಂತ ಪೋಸ್ಟ್ ಮಾಡಿದ್ದಾಳೆ. ಅವಳಿಗೆ ಅರ್ಥ ಆಗುದಾದ್ರೆ ಉಳಿದವರಿಗೆ ಯಾಕೆ ಆಗುದಿಲ್ಲ?"

ಥಿಯೋಡೋರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಕತಾರ್ ಅಂತ ಯಾಕೆ ಹೇಳ್ಬೇಕಿತ್ತು ಅವ? ದೋಹಾದಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುವ ಮಂಗಳೂರಿನ ನರ್ಸು ಎಷ್ಟು ಮಂದಿ ಇದ್ದಾರೆ? ನಾಳೆ ಯಾರಾದ್ರೂ ನನ್ನ ಟೇಬಲಿಗೆ ಬಂದು ಕೇಳಿದ್ರೆ?"

"ಕೊಲೊರಾಡೊದ ಹಳ್ಳಿ ಪೇಪರನ್ನು ಇಲ್ಲಿ ಓದುವವರು ಯಾರು? ಓದಿದ್ದು ನಾವೇ," ಎಂದಳು ಪ್ಯಾಟ್ರಿಷಿಯಾ.

"ಕ್ರಿಸ್ಮಸ್ಸಿಗೆ ಅವ ಇಲ್ಲಿಗೆ ಬರುದು ಬೇಡ."

"ಟಿಕೆಟ್ ಆಗಿದೆ ಥಿಯೋಡೋರ್," ಎಂದಳು ಲೊರ್ನಾ.

"ಟ್ರಾವೆಲ್ಸಿನ ಪೊಡಿಯಬ್ಬರಿಗೆ ಹೇಳಿ ಕ್ಯಾನ್ಸಲ್ ಮಾಡಿಸುವಾ. ಬ್ಯಾಗಿನ ಹೊಲಿಗೆಯಲ್ಲಿ ಒಂದು ಎಲೆ ಸಿಕ್ಕಿದ್ರೆ ಸಾಕು, ಅವನೂ ಹೋದ, ಕರೆಸಿದ ನಾವೂ ಹೋದೆವು."

"ನಾನು ಜನವರಿಯಲ್ಲಿ ಊರಿಗೆ ಹೋಗುವವಳು," ಎಂದರು ಮಾಯ್. "ಅವನನ್ನು ನಾನು ನೋಡಿದ್ದು ಹನ್ನೆರಡು ವರ್ಷದವನಿರುವಾಗ. ಇನ್ನು ಯಾವಾಗ ನೋಡುದು?"

ಮಾತು ಅಲ್ಲಿಗೆ ನಿಂತಿತು. ಲೊರ್ನಾ ಪಾತ್ರೆ ತೊಳೆಯುವಾಗ ಅನಿಶಾ ಪಕ್ಕಕ್ಕೆ ಬಂದು ನಿಂತಳು. "ಆಂಟಿ, ನೀವು ನೋ ಹಾಕಿದ್ದು ಅವನಿಗೆ ಗೊತ್ತಿಲ್ವಾ?"

ಲೊರ್ನಾ ಒಂದು ಬಟ್ಟಲನ್ನು ಎರಡು ಸಲ ತೊಳೆದಳು. "ಇಲ್ಲ," ಎಂದಳು.

*

ಗೊತ್ತಾಗುವುದಕ್ಕೆ ಒಂದು ವಾರ ಸಾಕಾಯಿತು. ಶುಕ್ರವಾರದ ಫೋನು ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು: ಕಾರ್ಡಿನ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಫೋನನ್ನು ಮೇಜಿನ ನಡುವೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಡುವುದು. ಮೊದಲ ಮಾತು ಮಾಯ್ ಅವರದು.

"ಚಳಿ ಉಂಟಾ ಪುತಾ ಅಲ್ಲಿ?"

"ಸ್ನೋ ಉಂಟು ವಡ್ಲಿಮಾಯ್."

"ಟೊಪ್ಪಿ ಹಾಕು. ಪೇಪರಿನಲ್ಲಿ ನೋಡಿದೆವು ನಿನ್ನನ್ನು. ಸೋತದ್ದಕ್ಕೆ ಬೇಜಾರು ಮಾಡ್ಬೇಡ. ನಾವೆಲ್ಲ ಸೇರಿಯೇ ಬೇಡ ಅಂತ ಹಾಕಿದ್ದು, ನಿನ್ನ ಒಳ್ಳೇದಕ್ಕೆ. ನಿನ್ನ ಮಮ್ಮಿ ನನ್ನ ಎದುರೇ ಗೀಚಿದ್ದು."

ಲೊರ್ನಾ ಕೈ ಚಾಚಿದಳು, ಆದರೆ ಆಡಿದ ಮಾತನ್ನು ಸ್ಪೀಕರಿನಿಂದ ಹಿಂದಕ್ಕೆ ಎಳೆಯುವುದುಂಟೇ?

"ಮಮ್ಮಿ ಇದ್ದಾಳಾ ಅಲ್ಲಿ?"

"ಇದ್ದೇನೆ ಪುತಾ."

"ಹೌದಾ?"

"ಹೌದು."

"ಆಯ್ತು ಅಂತ ಹೇಳಿದ್ದೆ ನೀನು. ನಾನು ಪೇಪರಿನವರಿಗೆ ಹೇಳಿದೆ." ಫ್ಲಾಯ್ಡ್ ದನಿ ತಗ್ಗಿಸಿದ. "ಒಂದು ವಿಷಯ ನಾನೂ ಹೇಳ್ಲಿಲ್ಲ. ಏಪ್ರಿಲಲ್ಲಿ ಪಾರ್ಕಲ್ಲಿ ನನ್ನನ್ನು ಹಿಡಿದ್ರು. ಸ್ವಲ್ಪ ಇತ್ತು ಕಿಸೆಯಲ್ಲಿ. ನೂರು ಡಾಲರ್ ಕಟ್ಟಿದೆ. ಮುಗೀತು ಅಂತ ಗ್ರಹಿಸಿದ್ದೆ. ಆಮೇಲೆ ಸರಕಾರದವರು ಕಾಲೇಜಿನ ಫೀಸಿಗೆ ಕೊಡುವ ಏಡ್ ಒಂದು ವರ್ಷ ನಿಲ್ಸಿದ್ರು. ನಾನು ಬ್ರೇಕ್ ತಗೊಂಡದ್ದಲ್ಲ ಮಮ್ಮಿ. ಕಾಲೇಜಿಗೆ ಹೋಗ್ಲಿಕ್ಕೆ ಆಗ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ? ನಾನು ಕಟ್ತಿರಲಿಲ್ವಾ?"

"ಅದಕ್ಕೇ ಹೇಳ್ಲಿಲ್ಲ. ನೀನು ಅಲ್ಲಿ ಡಬಲ್ ಡ್ಯೂಟಿ ಮಾಡ್ತಿದ್ದೆ."

ಫೋನು ಇಟ್ಟವನು ಅವನೇ.

ಥಿಯೋಡೋರ್ ಬಾಯಿ ತೆರೆದ. ಪ್ಯಾಟ್ರಿಷಿಯಾ ಅವನತ್ತ ಸೌಟು ತೋರಿಸಿದಳು. "ನಾನು ಆಗಲೇ ಹೇಳಿದ್ದೆ ಅಂತ ಒಂದು ಮಾತು ಬಂದ್ರೆ ಇವತ್ತು ಅನ್ನ ಇಲ್ಲ."

"ನಾನು ತಪ್ಪು ಹೇಳಿದೆನಾ ಲೊರ್ನಾ?" ಎಂದರು ಮಾಯ್.

"ಇಲ್ಲ ಮಾಯ್. ನೀವು ಇದ್ದದ್ದನ್ನೇ ಹೇಳಿದ್ದು," ಎಂದು ಲೊರ್ನಾ ಅವರ ತಟ್ಟೆಗೆ ಅನ್ನ ಬಡಿಸಿದಳು.

ಮಾಯ್ ಆ ದಿನದಿಂದ ಮೀನು ಬಿಟ್ಟರು. ಫ್ಲಾಯ್ಡ್ ತಾನಾಗಿ ಮಾತನಾಡುವವರೆಗೆ ಮುಟ್ಟುವುದಿಲ್ಲವೆಂದು ಹರಕೆ. ಕರಾವಳಿಯ ಹೆಂಗಸು ಮೀನು ಬಿಟ್ಟಳೆಂದರೆ ಮನೆಯವರ ಬಾಯಿಗೂ ರುಚಿ ಇರುವುದಿಲ್ಲ. ಪ್ಯಾಟ್ರಿಷಿಯಾ ಅತ್ತೆಗೆಂದು ಬೇರೆ ಬೇಳೆ ಸಾರು ಮಾಡತೊಡಗಿದಳು. ಮಧ್ಯಾಹ್ನ ಅಂಜಲ್ ಮೀನು ಕಾಯಿಸಿದರೆ ಅಡಿಗೆಮನೆಯ ಬಾಗಿಲು ಮುಚ್ಚಿಯೇ ಕಾಯಿಸುತ್ತಿದ್ದಳು.

"ಎಷ್ಟು ದಿನ ಇದು?" ಎಂದು ಥಿಯೋಡೋರ್ ರೇಗಿದ.

"ನೀವು ಅವನಿಗೆ ಬಾ ಅಂತ ಹೇಳುವವರೆಗೆ," ಎಂದಳು ಪ್ಯಾಟ್ರಿಷಿಯಾ.

ಲೊರ್ನಾ ದಿನಾ ಡ್ಯೂಟಿಗೆ ಹೋಗುವ ಮುಂಚೆ ಮಗನಿಗೆ ಫೋನು ಮಾಡುತ್ತಿದ್ದಳು. ಅವನು ಎತ್ತುತ್ತಿರಲಿಲ್ಲ. ಯಂತ್ರದ ಬೀಪ್ ಕೇಳಿದ ಮೇಲೆ, "ಮಮ್ಮಿ. ಊಟ ಮಾಡು," ಎಂದಷ್ಟೇ ಹೇಳಿ ಇಡುತ್ತಿದ್ದಳು. ಡಿಸೆಂಬರ್ ಒಂದರಂದು ದೋಹಾದಲ್ಲಿ ಏಷ್ಯನ್ ಗೇಮ್ಸ್ ಆರಂಭವಾಗಿ, ಅದೇ ರಾತ್ರಿ ಮಳೆ ಹೊಡೆಯಿತು. ಗೇಮ್ಸಿನ ಸ್ವಯಂಸೇವಕಿಯಾಗಿದ್ದ ಅನಿಶಾ ಒದ್ದೆ ಸಮವಸ್ತ್ರದಲ್ಲಿ ಮನೆಗೆ ಬಂದಳು. ತಲೆ ಒರೆಸಿಕೊಳ್ಳುತ್ತ, "ಫ್ಲಾಯ್ಡ್ ಮೇಲ್ ಮಾಡಿದ್ದಾನೆ ಆಂಟಿ. ಮಳೆ ಟೀವಿಯಲ್ಲಿ ನೋಡಿದನಂತೆ," ಎಂದಳು.

"ನನ್ನ ವಿಷಯ?"

ಅನಿಶಾ ಟವೆಲಿನೊಳಗೇ ತಲೆಯಾಡಿಸಿದಳು. ಇಲ್ಲ.

ಮುಶೇರಿಬ್ ಬೀದಿಯ ಟ್ರಾವೆಲ್ ಅಂಗಡಿಯ ಪೊಡಿಯಬ್ಬ ಎರಡು ಸಲ ಫೋನು ಮಾಡಿದ. "ಸಿಸ್ಟರ್, ಮಗನ ಟಿಕೆಟು ಕ್ಯಾನ್ಸಲ್ ಅಂತ ನಿಮ್ಮ ತಮ್ಮ ಹೇಳ್ತಾರೆ. ಇಡಿ ಅಂತ ನೀವು ಹೇಳ್ತೀರಿ. ಹದಿನೈದರ ಒಳಗೆ ಹೇಳಿದ್ರೆ ಮುಕ್ಕಾಲು ದುಡ್ಡು ಬರ್ತದೆ. ಆಮೇಲೆ ಮಾಫಿ, ಒಂದು ಪೈಸೆ ಇಲ್ಲ."

"ಹದಿನೈದರವರೆಗೆ ಇಡಿ ಪೊಡಿಯಬ್ಬರೇ," ಎಂದಳು ಲೊರ್ನಾ.

*

ಹದಿನೈದರ ಹಿಂದಿನ ಎರಡು ದಿನ ಮನೆಯಲ್ಲಿ ಕುಸ್ವಾರ್ ಮಾಡುವ ಗಲಾಟೆ. ಕ್ರಿಸ್ಮಸ್ಸಿನ ತಿಂಡಿಗಳಲ್ಲಿ ಮಾಯ್ ಕೈಯ ನೆವ್ರಿಗೆ ಕುಲಶೇಖರದಲ್ಲಿ ಹೆಸರಿತ್ತು. ಕರ್ಜಿಕಾಯಿಯಂಥ ಅದರ ಹೂರಣವನ್ನು ಅವರು ಯಾರ ಕೈಗೂ ಬಿಡುವವರಲ್ಲ. ಎಳ್ಳು ಮೊದಲಾದುವನ್ನು ಊರಿನಲ್ಲೇ ಹುರಿದು, ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಸೀರೆಗಳ ನಡುವೆ ಸುತ್ತಿ ತಂದಿದ್ದರು. ಬುಧವಾರ ಸಂಜೆ ಪ್ಯಾಟ್ರಿಷಿಯಾ ಹಾಳೆ ಲಟ್ಟಿಸಿದಳು, ಮಾಯ್ ಹೂರಣ ತುಂಬಿ ಅಂಚು ಕತ್ತರಿಸಿದರು, ಲೊರ್ನಾ ಕರಿದಳು. ಗುರುವಾರ ಬೆಳಿಗ್ಗೆ ಥಿಯೋಡೋರ್ ಒಂದು ಡಬ್ಬಿ ತುಂಬಿಸಿಕೊಂಡು ಕಚೇರಿಗೆ ಹೋದ.

ಸಂಜೆ ಅವನು ಬಂದಾಗ ಎರಡನೆಯ ಕಂತು ನಡೆಯುತ್ತಿತ್ತು. ನಿಂತಲ್ಲೇ ಎರಡು ನೆವ್ರಿ ಬಾಯಿಗೆ ಹಾಕಿಕೊಂಡ. "ಮಾಯ್, ನಿಮ್ಮ ಕೈಗೆ ಸಾಟಿ ಇಲ್ಲ. ಮನ್‌ದೂಬ್ ನನ್ನ ಟೇಬಲಿನ ಹತ್ರವೇ ನಿಂತು ಮೂರು ತಿಂದ. ಉಳಿದದ್ದನ್ನು ಮನೆಗೆ ತಕೊಂಡು ಹೋದ."

ಪ್ಯಾಟ್ರಿಷಿಯಾ ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ ಹಿಡಿದು ಅಲ್ಲಾಡದೆ ನಿಂತಿದ್ದಳು. "ಸ್ವಲ್ಪ ಕೂತ್ಕೊಳ್ಳಿ," ಎಂದಳು.

"ಯಾಕೆ?"

"ಇದರಲ್ಲಿ ಎಂತ ಉಂಟು ನೋಡಿ."

"ಎಳ್ಳು."

"ಎಳ್ಳಿನ ಜತೆ?"

ಅವನು ಕನ್ನಡಕ ಹಾಕಿ ಒಂದು ಚಿಟಿಕೆ ಅಂಗೈಗೆ ಸುರಿದುಕೊಂಡ. ಎಳ್ಳಿನ ನಡುವೆ ರವೆಗಿಂತ ಸಣ್ಣ ಬಿಳಿ ಕಾಳುಗಳು. "ಗಸ..." ಎಂದವನು ಪದ ಮುಗಿಸಲಿಲ್ಲ. ಎದ್ದು ಕಿಟಕಿ ಮುಚ್ಚಿದ. ಮತ್ತೆ ಬಂದು, ಗುಟ್ಟಿನಲ್ಲಿ ಕಿರುಚಿದ. "ಗಸಗಸೆ! ಮಾಯ್, ನೀವು ಏರ್‌ಪೋರ್ಟ್ ದಾಟಿಸಿ ಗಸಗಸೆ ತಂದಿದ್ದೀರಾ?"

"ಅದಿಲ್ಲದೆ ನೆವ್ರಿ ಉಂಟಾ? ಇಲ್ಲಿ ಸಿಗುದಿಲ್ಲ ಅಂತ ನೀನೇ ಅಲ್ವಾ ಫೋನಲ್ಲಿ ಹೇಳಿದ್ದು? ಸಿಗುದಿಲ್ಲ ಅಂತಲೇ ತಂದದ್ದು."

"ಸಿಗುದಿಲ್ಲ ಯಾಕೆ ಅಂದ್ರೆ ಸರಕಾರ ಬಿಡುದಿಲ್ಲ! ಅಫೀಮಿನ ಗಿಡದ ಬೀಜ ಅದು! ಗಲ್ಫಿಗೆ ಬರುವ ಎಲ್ಲರಿಗೂ ಗೊತ್ತುಂಟು. ನಾನು ನೂರು ಮಂದಿಗೆ ಹೇಳಿ ಕಳಿಸ್ತೇನೆ, ಬ್ಯಾಗಲ್ಲಿ ಗಸಗಸೆ ಇಡ್ಬೇಡಿ ಅಂತ."

"ಮನೆಯವರಿಗೆ ಹೇಳ್ಲಿಲ್ಲ," ಎಂದಳು ಪ್ಯಾಟ್ರಿಷಿಯಾ.

"ಅಫೀಮಾ?" ಮಾಯ್ ಬೆಂಚಿನ ಮೇಲೆ ಕುಳಿತುಬಿಟ್ಟರು. "ನಾನು ಐವತ್ತು ವರ್ಷದಿಂದ ಹಾಕ್ತಾ ಇದ್ದೇನೆ. ಯಾರಿಗೆ ಅಮಲೇರಿದ್ದು? ನಿನ್ನ ಪಪ್ಪನಿಗೆ ಏರ್ತಿದ್ದದ್ದು ಬೇರೆಯದ್ದು. ಅದಕ್ಕೆ ಸರಕಾರವೇ ಲೈಸೆನ್ಸ್ ಕೊಟ್ಟಿತ್ತು."

ಬಾಣಲೆಯ ಎಣ್ಣೆ ಸದ್ದು ಮಾಡುತ್ತಿತ್ತು. ಲೊರ್ನಾ ಉರಿ ಆರಿಸಿದಳು.

"ಹಾಗಾದ್ರೆ ಆ ದಿನ ನನ್ನನ್ನು ಹಿಡಿದಿದ್ರೆ?" ಎಂದರು ಮಾಯ್.

"ಹಿಡಿದಿದ್ರೆ ಕೇಸು."

"ಜೈಲಾ?"

ಥಿಯೋಡೋರ್ ಹೌದೆಂದು ತಲೆಯಾಡಿಸಿದ.

"ಆಮೇಲೆ ಬಿಟ್ಟಿದ್ರೆ, ಈ ಮನೆಗೆ ಬರುದು ಬೇಡ ಅಂತ ನನಗೂ ಹೇಳ್ತಿದ್ದೆಯಾ ಪುತಾ?"

ಅವನು ಅಂಗೈಯ ಕಾಳುಗಳನ್ನು ನೋಡುತ್ತಲೇ ನಿಂತ. ಅಷ್ಟರಲ್ಲಿ ಕಿಸೆಯ ಫೋನು ಹೊಡೆದುಕೊಂಡಿತು. ಮನ್‌ದೂಬ್. ಥಿಯೋಡೋರನ ಮುಖ ಬಾಣಲೆಗೆ ಹಾಕದ ನೆವ್ರಿಯಂತೆ ಬೆಳ್ಳಗಾಯಿತು. ನೆಟ್ಟಗೆ ನಿಂತು, ಬಂದಷ್ಟು ಅರಬಿಯಲ್ಲಿ, ಹೌದು, ಹೌದು, ಆಗಲಿ ಎಂದ. ಫೋನು ಇಟ್ಟ ಮೇಲೆ ಗೋಡೆಗೆ ಒರಗಿದ.

"ಎಂತ ಅಂತೆ?" ಎಂದಳು ಪ್ಯಾಟ್ರಿಷಿಯಾ.

"ಅವನ ಹೆಂಡತಿಗೆ ಮಾಡುವ ಕ್ರಮ ಬೇಕಂತೆ."

ಮೊದಲು ನಕ್ಕವಳು ಲೊರ್ನಾ. ಜಾಲರಿ ಸೌಟು ಕೈಯಲ್ಲೇ ಇತ್ತು. ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ತಿಂಗಳಿಂದ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಪ್ಯಾಟ್ರಿಷಿಯಾ ಸೆರಗಿನಲ್ಲಿ ಬಾಯಿ ಮುಚ್ಚಿದಳು. ಕೊನೆಗೆ ಥಿಯೋಡೋರನೂ ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ.

"ಬರೆದು ಕೊಡ್ತೇನೆ," ಎಂದ. "ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ. ಖಲಾಸ್."

ಬಾಟಲಿಯಲ್ಲಿದ್ದದ್ದನ್ನು ಅವನು ಪಾಯಿಖಾನೆಗೆ ಸುರಿದು ನೀರು ಬಿಟ್ಟ; ಸಮಾಧಾನವಾಗದೆ ಮತ್ತೆ ಬಿಟ್ಟ. ಮಾಡಿಟ್ಟ ನೆವ್ರಿಗಳೂ ಪುಡಿಯಾಗಿ ಅದೇ ದಾರಿ ಹಿಡಿದವು. ಮಾಯ್ ಆ ಕಡೆ ನೋಡಲಿಲ್ಲ. ಸೋಪು ಹಚ್ಚಿ ಕೈ ತೊಳೆದು ಬಂದು ಥಿಯೋಡೋರ್ ಮೇಜಿನ ಬಳಿ ಕುಳಿತ.

"ಲೊರ್ನಾ ಬಾಯ್, ಫ್ಲಾಯ್ಡಿನ ನಂಬರ್ ಹೇಳು."

ಅಲ್ಲಿ ಬೆಳಗಿನ ಹೊತ್ತು. ತಾಯಿಯ ಫೋನಿನಿಂದ ಬಂದ ಕರೆಯಲ್ಲವೆಂದೋ ಏನೋ, ಅವನು ಎತ್ತಿದ.

"ನಾನು ಥಿಯೋಡೋರ್ ಅಂಕಲ್. ಕೇಳು. ನಿನ್ನ ವಡ್ಲಿಮಾಯ್ ಊರಿನಿಂದ ಒಂದು ಸಾಮಾನು ತಂದಿದ್ರು. ಎಂತದ್ದು ಅಂತ ಫೋನಲ್ಲಿ ಹೇಳ್ಲಿಕ್ಕಾಗುದಿಲ್ಲ. ನಾವೆಲ್ಲ ಅದನ್ನು ತಿಂದೆವು. ನನ್ನ ಆಫೀಸಿನವರಿಗೂ ತಿನ್ನಿಸಿದೆ. ಈ ಮನೆಯಲ್ಲಿ ಮೊದಲು ಸಿಕ್ಕಿಬೀಳ್ಬೇಕಾದದ್ದು ನೀನಲ್ಲ ಮಾರಾಯ. ಟಿಕೆಟ್ ಉಂಟು. ಬಾ."

ಆ ಕಡೆ ಏನಾಯಿತೋ, ಥಿಯೋಡೋರ್ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಫ್ಲಾಯ್ಡಿನ ನಗು ಎಲ್ಲರಿಗೂ ಕೇಳಿತು. ಆಮೇಲೆ ಥಿಯೋಡೋರ್ ಫೋನನ್ನು ಅಕ್ಕನ ಕೈಗೆ ಕೊಟ್ಟ.

"ಮಮ್ಮಿ," ಎಂದ ಫ್ಲಾಯ್ಡ್. "ಊಟ ಆಯ್ತಾ?"

ಲೊರ್ನಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಇನ್ನು ಮಾಡ್ಬೇಕು."

"ನನಗೆ ಇನ್ನೂ ಬೇಜಾರುಂಟು."

"ಇರ್ಲಿ. ಇಲ್ಲಿಗೆ ಬಂದು ಬೇಜಾರು ಮಾಡು."

ಆ ರಾತ್ರಿಯ ಊಟಕ್ಕೆ ಮಾಯ್ ತಾವಾಗಿಯೇ ಬಂಗುಡೆಯ ತುಂಡು ಕೇಳಿದರು.

*

ಇಪ್ಪತ್ತೆರಡರ ಶುಕ್ರವಾರ ಏರ್‌ಪೋರ್ಟಿಗೆ ಹೋದವರು ಥಿಯೋಡೋರ್ ಮತ್ತು ಲೊರ್ನಾ. ಫ್ಲಾಯ್ಡ್ ತಳ್ಳಿಕೊಂಡು ಬಂದ ಪೆಟ್ಟಿಗೆಯ ಹಿಡಿಯಲ್ಲಿ ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

"ಪೆಟ್ಟಿಗೆ ಹೊಸದು ಅಂಕಲ್. ಶೂ ಹೊಸದು. ಬಟ್ಟೆಯೆಲ್ಲ ಎರಡೆರಡು ಸಲ ಒಗೆದಿದ್ದೇನೆ," ಎಂದು ಜಾಕೆಟಿನ ಎರಡೂ ಕಿಸೆಗಳನ್ನು ಹೊರಕ್ಕೆ ಎಳೆದು ತೋರಿಸಿದ. ಕಿಸೆಗಳು ಕಿವಿಗಳ ಹಾಗೆ ಜೋತು ಬಿದ್ದವು.

ಥಿಯೋಡೋರ್ ಅವನ್ನು ತಾನೇ ಒಳಕ್ಕೆ ತೂರಿಸಿದ. "ಸಾಕು. ಜನ ನೋಡ್ತಾರೆ," ಎಂದು ಪೆಟ್ಟಿಗೆ ಎತ್ತಿಕೊಂಡು ಕಾರಿನ ಕಡೆ ಬೇಗ ಬೇಗ ನಡೆದ.

ತಾಯಿ ಮಗ ಹಿಂದೆ ಉಳಿದರು. ಫ್ಲಾಯ್ಡ್ ತಾಯಿಯ ಕೈಚೀಲ ತನ್ನ ಹೆಗಲಿಗೆ ಹಾಕಿಕೊಂಡ. "ನಿನ್ನ ಒಂದು ಓಟಿನಿಂದ ಗೆಲ್ತಿರಲಿಲ್ಲ, ಗೊತ್ತುಂಟು," ಎಂದ. "ಒಬ್ಬಳೇ ಇದ್ದಿದ್ರೆ ನೀನು ಏನು ಹಾಕ್ತಿದ್ದೆ?"

"ಬೇಡ ಅಂತಲೇ ಹಾಕ್ತಿದ್ದೆನೋ ಏನೋ. ಗೊತ್ತಿಲ್ಲ ಪುತಾ. ಆ ದಿನ ನಾನು ನನ್ನನ್ನು ಕೇಳ್ಲೇ ಇಲ್ಲ. ಆದ್ರೆ ಬೇಡ ಅಂತ ಹಾಕಿದ್ರೆ ನಿನಗೆ ಫೋನ್ ಮಾಡಿ ಹೇಳ್ಬೇಕಿತ್ತು."

"ಹ್ಞೂಂ. ಏಪ್ರಿಲಲ್ಲಿ ನಾನೂ ಫೋನ್ ಮಾಡ್ಬೇಕಿತ್ತು."

"ಜನವರಿಯಿಂದ ಕಾಲೇಜು. ದುಡ್ಡು ನಾನು ಕಟ್ತೇನೆ. ಆ ಚಟ ಮಾತ್ರ ಬಿಡು."

"ಇದು ಆರ್ಡರಾ?"

"ಕೇಳಿಕೊಳ್ಳುದು," ಎಂದಳು ಲೊರ್ನಾ. ಅವನು ಹೆಗಲಿನ ಚೀಲ ಸರಿಮಾಡಿಕೊಂಡು ಅವಳ ಪಕ್ಕದಲ್ಲೇ ನಡೆದ.

ಮನೆಯಲ್ಲಿ ಮಾಯ್ ಮೊಮ್ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಮತ್ತೆ ಮತ್ತೆ ನೋಡಿದರು. ಮೇಜಿನ ಮೇಲೆ ಹೊಸದಾಗಿ ಮಾಡಿದ ನೆವ್ರಿಯ ತಟ್ಟೆ ಇತ್ತು. ಅವನು ಒಂದು ಕಚ್ಚಿದ.

"ಒಳ್ಳೇದುಂಟು ವಡ್ಲಿಮಾಯ್."

"ಒಳ್ಳೇದಿಲ್ಲ. ಒಂದು ಸಾಮಾನು ಕಮ್ಮಿ. ನಿನ್ನ ಅಂಕಲಿನ ಹತ್ರ ಕೇಳು." ಮಾಯ್ ಮೇಜಿನ ಸುತ್ತ ಎಲ್ಲರನ್ನೂ ನೋಡಿದರು. "ಬರುವ ಕ್ರಿಸ್ಮಸ್ಸಿಗೆ ಎಲ್ಲರೂ ಊರಿಗೆ ಬನ್ನಿ. ಅಲ್ಲಿ ಬೆನಿಟಾ ಇದ್ದಾಳೆ, ಒಲೆ ಉಂಟು, ಯಾರ ಹೆದರಿಕೆಯೂ ಇಲ್ಲ. ಸರಿಯಾದ ನೆವ್ರಿ ಮಾಡುವಾ." ಬೆನಿಟಾ ಅವರ ಕಿರಿಯ ಮಗಳು.

"ವೋಟ್ ಹಾಕುವಾ," ಎಂದಳು ಅನಿಶಾ. "ಊರಲ್ಲಿ ಕ್ರಿಸ್ಮಸ್, ಆ ಸಾಮಾನು ಹಾಕಿದ ನೆವ್ರಿ. ಬೇಕು ಅನ್ನುವವರು ಕೈ ಎತ್ತಿ."

ಮಾಯ್ ಎರಡೂ ಕೈ ಎತ್ತಿದರು. ಪ್ಯಾಟ್ರಿಷಿಯಾ ಹಿಟ್ಟಿನ ಕೈ ಎತ್ತಿದಳು. ಫ್ಲಾಯ್ಡ್ ಅರ್ಧ ತಿಂದ ನೆವ್ರಿಯನ್ನೇ ಎತ್ತಿ ಹಿಡಿದ. ಥಿಯೋಡೋರ್ ಎದ್ದು ಹೋಗಿ ಕಿಟಕಿ ಮುಚ್ಚಿದ. ಮರಳಿ ಬಂದು ಕುಳಿತು, ಅವನೂ ಕೈ ಎತ್ತಿದ.

"ಮಮ್ಮಿ, ನಿನ್ನದು?"

ಲೊರ್ನಾ ತಟ್ಟೆಯಿಂದ ಒಂದು ನೆವ್ರಿ ತೆಗೆದುಕೊಂಡು ಎದ್ದಳು.

"ನನ್ನದು ಇಲ್ಲಿ ಅಲ್ಲ," ಎಂದಳು. "ಕೋಣೆಗೆ ಹೋಗಿ, ಬಾಗಿಲು ಹಾಕಿ ಹೇಳ್ತೇನೆ."

ಫ್ಲಾಯ್ಡ್ ಬಾಯಲ್ಲಿದ್ದದ್ದು ಸಿಡಿಯುವಂತೆ ನಕ್ಕ. ನಕ್ಕು ಮುಗಿದ ಮೇಲೆ ತಾನೇ ಎದ್ದು ಹೋಗಿ, ಅವಳಿಗಾಗಿ ಆ ಕೋಣೆಯ ಬಾಗಿಲು ತೆರೆದು ಹಿಡಿದ.